ಅಂಗಡಿ ಹಲಗೆಯ ಮೇಲಿನ ಹೊಳೆ

ವಿಮೆಯವರ ಪರವಾಗಿ ನಷ್ಟ ನೋಡಲು ಹುಬ್ಬಳ್ಳಿಯಿಂದ ಬಂದ ಸರ್ವೇಯರ ಸಾಹೇಬರು ನಮ್ಮ ಅಂಗಡಿಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ನಿಂತವರು ನಮಗೆ ವಿಮೆ ಮಾಡಿಸಿಕೊಟ್ಟ ಕುಮಟೆಯ ಏಜೆಂಟರು. ಕೂರಿ ಅಂದರೂ ಕೂರಲಿಲ್ಲ. ಒಳಬಾಗಿಲ ಆಚೆ, ಸೆರಗಿನ ಅಂಚು ಮಾತ್ರ ಕಾಣುವ ಹಾಗೆ, ನನ್ನ ಆಯಿ. ಖಾಲಿ ಅಂಗಡಿಯ ನಡುವೆ ನಾನು.

ಹೊನ್ನಾವರದ ಬಂದರಿನ ದಾರಿಯಲ್ಲಿದ್ದ ಆ ಕಟ್ಟಡ, ಮುಂದೆ ಅಂಗಡಿ ಹಿಂದೆ ಮನೆ, ಅಪ್ಪ ನನಗೆ ಬಿಟ್ಟುಹೋದ ಒಂದೇ ಆಸ್ತಿ. ನೆರೆಯಲ್ಲಿ ಮಾಲೆಲ್ಲ ಹೋಗಿತ್ತು. ವಿಮೆಯವರು ಕೊಟ್ಟರೆ ಮತ್ತೆ ಮಾಲು ತುಂಬಿ ಅಂಗಡಿ ನಡೆಸಬಹುದು. ಕೊಡದಿದ್ದರೆ ಕಟ್ಟಡವನ್ನೇ ಮಾರಬೇಕು. ಕೊಳ್ಳಲು ಭಟ್ಕಳದ ಒಬ್ಬ ನವಾಯತ ವ್ಯಾಪಾರಿ ಆಗಲೇ ಬಂದು ಗೋಡೆ ತಟ್ಟಿ ನೋಡಿ ಹೋಗಿದ್ದರು. ಅವಸರ ಇಲ್ಲ, ಸಾವಕಾಶ ಯೋಚನೆ ಮಾಡಿ ಎಂದಿದ್ದರು. ಒಳ್ಳೆಯ ಮನುಷ್ಯರು. ಆ ಒಳ್ಳೆಯತನಕ್ಕೇ ನನಗೆ ಹೆಚ್ಚು ಹೆದರಿಕೆಯಾಗಿತ್ತು.

ಮೇಲೆ ಶರಾವತಿಗೆ ಅಣೆಕಟ್ಟು ಇನ್ನೂ ಏಳುತ್ತಿದ್ದ ಕಾಲ ಅದು. ಹೊಳೆ ತನಗೆ ತೋಚಿದ ಹಾಗೆ ಬರುತ್ತಿತ್ತು. ಶ್ರಾವಣದ ಒಂದು ಬೆಳಗಿನ ಜಾವ, ಸಮುದ್ರದ ಉಬ್ಬರವೂ ಹೊಳೆಯ ನೆರೆಯೂ ಒಟ್ಟಾಗಿ, ಹಾಕಿದ ಬಾಗಿಲು ಹಾಕಿದ ಹಾಗೇ ಇರುವಾಗ ಸಂದಿಯಿಂದ ನುಗ್ಗಿ, ಅಂಗಡಿಯೊಳಗೆ ಸೊಂಟಮಟ್ಟ ನೀರು ನಿಂತಿತು. ಅಕ್ಕಪಕ್ಕದವರ ಜಗಲಿಗಳು ಎತ್ತರ, ಅವರ ಹೊಸ್ತಿಲು ದಾಟಲಿಲ್ಲ. ನಮ್ಮದು ತಗ್ಗು. ಉಪ್ಪು ಕರಗಿತು, ಬೆಲ್ಲ ಕರಗಿತು, ಅಕ್ಕಿ ಉಬ್ಬಿ ನಾರತೊಡಗಿತು.

ಕುಮಟೆಗೆ ತಂತಿ ಕೊಟ್ಟೆ. ಘಟ್ಟದ ರಸ್ತೆ ಕುಸಿದಿದ್ದರಿಂದ ಹುಬ್ಬಳ್ಳಿಯವರಿಗೆ ಬರಲಾಗಲಿಲ್ಲ. ಅಷ್ಟರಲ್ಲಿ ಚೌತಿ ಬಂತು.

"ತಮಾ, ಗಣಪತಿ ಕೂರ್ಸೂ ಮನೇಲಿ ಈ ರಾಡಿ ಇಟ್ಕಂಡ್ ಇರೂಕ್ ಆಗ್ತದ್ಯಾ?" ಎಂದರು ಆಯಿ. ಆಗುತ್ತದೆ ಎನ್ನುವ ಧೈರ್ಯ ನಮ್ಮ ಕಡೆ ಯಾವ ಮಗನಿಗಿದೆ? ನಾರುವ ಅಕ್ಕಿ ಹೊಳೆ ಸೇರಿತು. ಗೋಡೆಯನ್ನು ತೆಂಗಿನ ಸಿಪ್ಪೆಯಿಂದ ತಿಕ್ಕಿ ತೊಳೆದು ಎರಡು ಸಲ ಸುಣ್ಣ ಹೊಡೆದೆವು. ನೆಲ ಸಾರಿಸಿದೆವು.

ತೊಳೆಯದೆ ಉಳಿದದ್ದು ಅಂಗಡಿಯ ಬಾಗಿಲ ಹಲಗೆಗಳು ಮಾತ್ರ. ನಮ್ಮ ಅಂಗಡಿಗಳಿಗೆ ಆಗ ಉದ್ದುದ್ದ ಹಲಗೆಗಳೇ ಬಾಗಿಲು. ಬೆಳಿಗ್ಗೆ ಒಂದೊಂದಾಗಿ ಗಾಡಿಯಿಂದ, ಅಂದರೆ ಚೌಕಟ್ಟಿನ ತೋಡಿನಿಂದ, ಕಳಚಿಡುವುದು, ಸಂಜೆ ಸಾಲಾಗಿ ಸೇರಿಸುವುದು. ನೀರು ಕುಡಿದು ಊದಿಕೊಂಡು ಅವು ಗಾಡಿಯಲ್ಲಿ ಕೂರುತ್ತಿರಲಿಲ್ಲ. ಇನ್ನು ಒಂದು ತಂಬಿಗೆ ನೀರೂ ಸೋಕಿಸಬೇಡಿ ಎಂದು ಹೇಳಿ, ಕೆಸರಿದ್ದ ಹಾಗೇ ಅಟ್ಟದ ಮೇಲೆ ಒಣಗಲು ಒಟ್ಟಿದ್ದೆ. ಅಲ್ಲಿಯವರೆಗೆ ಬಾಗಿಲಿಗೆ ಬಿದಿರಿನ ತಟ್ಟಿ.

ಚೌತಿಯ ಮಾರನೇ ದಿನ ಬಸ್ಸಿನವರ ಕೈಯಲ್ಲಿ ಏಜೆಂಟರ ಮಾತು ಬಂತು: ಸಾಹೇಬರು ನೋಡುವವರೆಗೆ ಏನನ್ನೂ ಮುಟ್ಟಬೇಡಿ.

ಈಗ ಸಾಹೇಬರು ಸುಣ್ಣದ ಗೋಡೆಯನ್ನು ಬೆರಳಿನಿಂದ ಕೆರೆದು ನೋಡಿದರು. "ನೆರಿ ಬಂದ ಮನಿ ಅಂತೀರಿ. ಮದುವಿ ಮನಿ ಇದ್ದಂಗ ಐತಲ್ರೀ."

ಒಳಗಿನಿಂದ ಆಯಿ ನನಗೆ ಹೇಳುವ ಹಾಗೆ ಅವರಿಗೆ ಹೇಳಿದರು: "ಕೆಸರು ತೆಗೀದೇ ಇದ್ರೆ ಗಣಪತಿ ಬಂದು ಆ ರಾಡೀಲಿ ಕೂರ್ತಿದ್ನಾ, ಕೇಳು."

ಸಾಹೇಬರು ನಗಲಿಲ್ಲ. ತಲೆಯೆತ್ತಿ ಮಾಡು ನೋಡಿದರು. ಒಡೆದ ಹೆಂಚೊಂದರ ಕೆಳಗೆ ಪಕಾಸಿಯ ಮೇಲೆ ನೀರಿಳಿದ ಕಲೆ ಇತ್ತು. ಹೊಳೆ ಒಳಗೆ ನುಗ್ಗಿ ಮಾಲು ಕೆಟ್ಟರೆ ಮಾತ್ರ ವಿಮೆಯುಂಟು, ಮಾಡು ಸೋರಿ ಕೆಟ್ಟರೆ ಇಲ್ಲ ಎಂದು ಅವರು ಸಾವಧಾನವಾಗಿ ತಿಳಿಸಿದರು. ಪಕ್ಕದ ಅಂಗಡಿಗಳಿಗೆ ಬಾರದ ಹೊಳೆ ನಿಮಗೊಬ್ಬರಿಗೇ ಹೇಗೆ ಬಂತು ಎಂದರು. ಏಜೆಂಟರು ತಗ್ಗು ತೋರಿಸಿದರು, ನೆರೆಯವರನ್ನು ಕರೆಯುತ್ತೇನೆ ಎಂದರು. ಬಾಯಿಮಾತು ನಡೆಯುವುದಿಲ್ಲ, ಗುರುತು ಬೇಕು ಎಂದರು ಸಾಹೇಬರು. ಆ ಗುರುತನ್ನು ನಾವೇ ತಿಕ್ಕಿ ತೆಗೆದಿದ್ದೆವು. ಸಾಹೇಬರು ಪೆನ್ನಿಗೆ ಟೊಪ್ಪಿ ಹಾಕಿ ಎದ್ದರು. ಕಡೆಯ ತಾರಿ ಹಿಡಿದು ಹೊಳೆ ದಾಟಿ, ಆಚೆ ದಡದಿಂದ ಭಟ್ಕಳದ ಬಸ್ಸಿಗೆ ಹೋಗುವವರು ಅವರು.

ಬಂದವರನ್ನು ತಾರಿ ಹತ್ತಿಸಿ ಬರುವುದು ನಮ್ಮಲ್ಲಿ ರೂಢಿ. ಬೇಡದ ಸುದ್ದಿ ತಂದವರನ್ನೂ. ನಾನು ಕಂಬದ ಹಾಗೆ ನಿಂತದ್ದು ನೋಡಿ ಆಯಿ ಹೊರಗೇ ಬಂದರು.

"ಆತು ಬಿಡು. ಅವ್ರ ಕೆಲ್ಸ ಅವ್ರು ಮಾಡಿದ್ರು. ಬಾಗಿಲು ಹಾಕಿ ತಾರಿ ತನಕ ಹೋಗಿ ಕಳ್ಸಿ ಬಾ."

ದೊಡ್ಡವರು ಬರುತ್ತಾರೆಂದು ಆ ಬೆಳಿಗ್ಗೆಯೇ ಬಿದಿರು ತಟ್ಟಿಯನ್ನು ಕೊಟ್ಟಿಗೆಯ ಹಿಂದೆ ಎಸೆದಿದ್ದೆವು. ಹಾಗಾಗಿ ಅಟ್ಟ ಹತ್ತಿದೆ. ಮೇಲಿನಿಂದ ನಾನು ಹಲಗೆ ಇಳಿಸಿದೆ, ಕೆಳಗೆ ಏಜೆಂಟರು ಹಿಡಿದರು. ಒಣಗಿದ್ದವು; ಮೊದಲಿನ ಹಲಗೆ ಸಲೀಸಾಗಿ ಗಾಡಿಯಲ್ಲಿ ಸರಿಯಿತು. ಸಾಹೇಬರು ಕೊಡೆ ಊರಿಕೊಂಡು, ತಾರಿಗೆ ಹೊತ್ತಾಯಿತು ಎಂದು ಅಂಗಳದಲ್ಲಿ ಕಾಯುತ್ತಿದ್ದರು. ಎರಡನೆಯದು, ಮೂರನೆಯದು. ನಾನು ಮುಂದಿನದಕ್ಕೆ ಕೈ ಚಾಚಿದಾಗ ಸಾಹೇಬರು ತಡೆದರು.

"ತಡೀರಿ. ಎಲ್ಲಾ ಹಾಕ್ರಿ ಅದನ್ನ. ಪೂರಾ ಹಾಕ್ರಿ."

ಹಾಕುತ್ತ ಹೋದೆ. ಅವಸರದಲ್ಲಿ ಒಂದು ಹಲಗೆ ಕ್ರಮ ತಪ್ಪಿ ಸಿಕ್ಕಿಕೊಂಡಿತು, ಕಿತ್ತು ಮತ್ತೆ ಸೇರಿಸಿದೆ. ಕೊನೆಯದನ್ನು ಕೂರಿಸಿ ಹಿಂದೆ ಸರಿದು ನೋಡಿದರೆ, ಈ ತುದಿಯಿಂದ ಆ ತುದಿಯವರೆಗೆ, ನನ್ನ ಸೊಂಟದ ಮಟ್ಟಕ್ಕೆ, ದಾರ ಹಿಡಿದು ಎಳೆದ ಹಾಗೆ ಒಂದೇ ಗೆರೆ. ಮೇಲೆ ಮರದ ಬಣ್ಣ, ಕೆಳಗೆ ಒಣಗಿದ ಹೊಳೆಯ ರಾಡಿ, ಅದರಲ್ಲಿ ಭತ್ತದ ಹೊಟ್ಟು, ಕೊಳೆತ ಎಲೆ. ಅಟ್ಟದಲ್ಲಿ ಒಂದರ ಮೇಲೊಂದು ಮಲಗಿದ್ದಾಗ ಅದು ಬರೀ ಕೊಳೆ ಆಗಿತ್ತು.

ಸಾಹೇಬರು ಕೊಡೆಯನ್ನು ಗೆರೆಗೆ ಅಡ್ಡವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಮನೆಯ ಕಡೆಯಿಂದ ಒಳಗೆ ಹೋಗಿ ಆ ಬದಿಯನ್ನೂ ನೋಡಿ ಬಂದರು.

"ಮಳಿ ಹಿಂಗ ಗೆರಿ ಎಳಿಯೂದಿಲ್ಲ," ಎಂದರು. "ಒಂದು ಕಂದೀಲು ತರ್ರಿ."

ಬಂದರಿನಲ್ಲಿ ತಾರಿಯವರು ಕೂಗು ಹಾಕಿ ಹಗ್ಗ ಬಿಚ್ಚಿದ್ದು ನಮಗೆ ಕೇಳಿಸಿತು. ಸಾಹೇಬರು ಟೇಪು ಹಿಡಿದು ಅಳೆಯುತ್ತಿದ್ದರು. ಆಯಿ ಒಳಗೆ ಹೋಗಿ ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಿದರು. ಸಾಹೇಬರು ಆ ರಾತ್ರಿ ನಮ್ಮಲ್ಲೇ ಉಂಡು, ಜಗಲಿಯ ಮೇಲೆ ಮಲಗಿ, ಬೆಳಿಗ್ಗೆ ಮೊದಲ ತಾರಿಗೆ ಹೋದರು.

ದೀಪಾವಳಿಗೆ ಮೊದಲು ವಿಮೆ ಬಂತು. ಉಪ್ಪು, ಬೆಲ್ಲ, ಅಕ್ಕಿ ಮತ್ತೆ ತುಂಬಿದೆ. ಆಮೇಲೆ ಒಂದು ದಿನ ಭಟ್ಕಳದ ವ್ಯಾಪಾರಿ ಬಂದರು. ಅಂಗಡಿ ತುಂಬಿದ್ದನ್ನು ನೋಡಿ, ಕಟ್ಟಡದ ಮಾತೆತ್ತದೆ, ಚಹಾ ಕುಡಿದು, ತಮ್ಮ ಮನೆಗೆಂದು ಒಂದು ಡಬ್ಬಿ ಬೆಲ್ಲ ಕೊಂಡರು. ನಾನು ಹಲಗೆ ಹಾಕಿ, ಬೆಲ್ಲದ ಡಬ್ಬಿ ಹಿಡಿದುಕೊಂಡು ಹೋಗಿ, ಅವರನ್ನು ತಾರಿ ಹತ್ತಿಸಿ ಬಂದೆ.