ಅತ್ತೆ ತೋರಿಸಿದ ಎಡತೊರೆ

ನಮ್ಮೂರು ಎಷ್ಟು ಚೆಂದ ಎಂದು ಯಾರಾದರೂ ಹೊಗಳಲು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೌದಪ್ಪ, ಕೃಷ್ಣರಾಜನಗರದ ಬೀದಿಗಳು ನೆಟ್ಟಗಿವೆ, ಅಗಲವಾಗಿವೆ, ಯಾರು ಇಲ್ಲ ಎಂದರು? ಆದರೆ ನಾನು ಹುಟ್ಟಿದ್ದು ಅಲ್ಲಲ್ಲ. ನನ್ನೂರು ಎಡತೊರೆ. ಕಾವೇರಿ ಎಡಕ್ಕೆ ತಿರುಗುವ ಕಡೆ, ದಡಕ್ಕೇ ಆತುಕೊಂಡಿದ್ದ ಊರು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಓಣಿಗಳು. ಆ ಊರನ್ನು ನನಗೆ ತೋರಿಸಿದವಳು ಅಪ್ಪನ ಅಕ್ಕ, ನನ್ನ ಅತ್ತೆ. ಅವಳಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

ಎಳವೆಯಲ್ಲೇ ಸಿಡುಬಿನಲ್ಲಿ ಕಣ್ಣು ಕಳೆದುಕೊಂಡ ಅತ್ತೆ, ಮದುವೆಯಿಲ್ಲದೆ ನಮ್ಮ ಮನೆಯಲ್ಲೇ ಉಳಿದಳು. ಹಾಗೆಂದು ಮೂಲೆ ಹಿಡಿದು ಕೂತವಳಲ್ಲ. ಹೊಳೆಗೆ, ಅಂಗಡಿಗೆ, ಅರ್ಕೇಶ್ವರನ ಗುಡಿಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಎಡಗೈ ಗೋಡೆಯ ಮೇಲೆ ಆಡುತ್ತಿದ್ದರೆ ಸಾಕು, ಕಾಲು ತಾನಾಗಿ ನಡೆಯುತ್ತಿತ್ತು. ಯಾರಾದರೂ ಬಾಯಿ ಜಾರಿ ಕುರುಡಿ ಎಂದರೆ ಅವರ ಜನ್ಮ ಜಾಲಾಡಿಬಿಡುವಳು. "ಕುರುಡಿ ನಿಮ್ಮವ್ವ ಕಣ್ಲಾ! ನಂಗೆ ಊರೆಲ್ಲ ಕಾಣ್ತದೆ!"

ಚುಂಚನಕಟ್ಟೆಯ ಜಲಪಾತ ನೋಡಿಕೊಂಡು ನೆಂಟರು ನಮ್ಮಲ್ಲಿಗೆ ಬರುತ್ತಿದ್ದರು. ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತ "ನಿಮ್ಮೂರಲ್ಲಿ ನೋಡಾಕೆ ಏನೈತವ್ವಾ?" ಎಂದು ಅವರು ಕೇಳುವುದೇ ತಡ, ಅತ್ತೆ ಸೆರಗು ಸಿಕ್ಕಿಸಿ ಎದ್ದುಬಿಡುತ್ತಿದ್ದಳು. "ಏಳಿ, ನಾ ತೋರುಸ್ತೀನಿ." ಗಾಣದ ಮನೆಯ ಹಿಂಡಿ ವಾಸನೆ ಮುಗಿದಲ್ಲಿ ಬಲಕ್ಕೆ ತಿರುಗಬೇಕು. ಕಂಚುಗಾರರ ಸುತ್ತಿಗೆ ಸದ್ದು ಬೆನ್ನ ಹಿಂದಾಯಿತೆಂದರೆ ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಅಲ್ಲಿ ಎಲ್ಲರನ್ನೂ ನಿಲ್ಲಿಸಿ, "ಈಗ ಕಣ್ ಮುಚ್ಕಳಿ. ಮುಚ್ಚುದ್ರೇ ನೀರು ತಿರುಗಾದು ಕಾಣಾದು" ಅನ್ನುವಳು. ಮೈಸೂರಿನ ಅರಮನೆ ನೋಡಿ ಬಂದ ಗತ್ತಿನ ನೆಂಟರೂ ತೆಪ್ಪಗೆ ಕಣ್ಣು ಮುಚ್ಚುತ್ತಿದ್ದರು. ನಾನಂತೂ ಎಷ್ಟು ಸಲ ಮುಚ್ಚಿದ್ದೇನೋ. ಕಲ್ಲಿಗೆ ಬಡಿದು ನೀರು ಎಡಕ್ಕೆ ಹೊರಳುವುದು ನಿಜವಾಗಿಯೂ ಕಾಣುತ್ತಿತ್ತು.

ಆಮೇಲೆ ಒಂದು ವರ್ಷ ಕಾವೇರಿಗೆ ದೊಡ್ಡ ನೆರೆ ಬಂತು. ದಡದ ಮನೆಗಳು ಕರಗಿಹೋದವು. ನಮ್ಮ ಬೀದಿ ಸ್ವಲ್ಪ ಎತ್ತರದಲ್ಲಿದ್ದುದರಿಂದ ಗೋಡೆಗಳು ಉಳಿದವು. ಮಹಾರಾಜರ ಸರ್ಕಾರ ಹೊಳೆಯಿಂದ ದೂರ, ಮೇಲಿನ ಬಯಲಿನಲ್ಲಿ ಹೊಸ ಊರು, ಈ ಕೃಷ್ಣರಾಜನಗರ, ಕಟ್ಟಿಸಲು ಹೊರಟಿತು. ತಪ್ಪು ಎಂದು ಹೇಗೆ ಹೇಳಲಿ? ಇನ್ನೊಂದು ನೆರೆಗೆ ಸಿಕ್ಕಿ ಸಾಯುವುದಕ್ಕಿಂತ ಮೇಲಲ್ಲವೇ? ಹಗ್ಗ ಹಿಡಿದು, ಗೂಟ ಹೊಡೆದು ಬೀದಿಗಳನ್ನು ಎಳೆದರು. ನಾವೆಲ್ಲ ಹಳೆಯ ಮನೆಗಳ ಬಾಗಿಲು, ತೊಲೆ, ಹೆಂಚು ಕಿತ್ತು ಗಾಡಿಗೆ ಹೇರಿಕೊಂಡು ಹೊರಟೆವು. ಹೊಸ ಊರನ್ನು ನೋಡಲು ಮೈಸೂರಿನಿಂದೆಲ್ಲ ಜನ ಬಂದು ಭಲೇ ಭಲೇ ಎಂದರು. ಅನ್ನದೆ ಇರುತ್ತಾರೆಯೇ? ಅವರಿಗೆ ಕಣ್ಣಿತ್ತು.

ಅತ್ತೆಯ ಕೈಗೆ ಅಲ್ಲಿ ಏನೂ ಸಿಗಲಿಲ್ಲ. ಮನೆಗೂ ಮನೆಗೂ ನಡುವೆ ಜಾಗ, ಬೀದಿಯೋ ಮೈದಾನದಷ್ಟು ಅಗಲ. ಗಾಣದವರಿಗೆ ಒಂದು ತುದಿಯಲ್ಲಿ ಜಾಗ ಕೊಟ್ಟಿದ್ದರು, ಕಂಚುಗಾರರಿಗೆ ಇನ್ನೊಂದು ತುದಿಯಲ್ಲಿ. ಎಲ್ಲಿ ಮೂಗಿಟ್ಟರೂ ಒಂದೇ ಸುಣ್ಣದ ವಾಸನೆ. ಆದರೂ ಬಿಡುವವಳಲ್ಲ, ಒಬ್ಬಳೇ ಹೊರಟಳು. ಹಿಂದಿರುಗುವಾಗ ನಮ್ಮದೇ ಎಂದುಕೊಂಡು ಯಾರದೋ ಮನೆಗೆ ನುಗ್ಗಿ, ನೇರ ಅಡುಗೆಮನೆಗೆ ಹೋಗಿ, "ಹಾಲು ಉಕ್ತಾ ಐತೆ, ಎಲ್ ಸತ್ತೋದ್ರೇ ಎಲ್ರೂವೆ?" ಎಂದು ಗದರಿದಳಂತೆ. ಆ ಮನೆಯಾಕೆ ಪಾಪ, ಕೈಹಿಡಿದು ಕರೆತಂದು ಬಿಟ್ಟಳು. "ಕುರುಡಮ್ಮನ್ನ ಒಬ್ರುನ್ನೇ ಯಾಕ್ರವ್ವಾ ಬುಡ್ತೀರಿ?" ಎಂದಳು. ಈಗ ಶುರುವಾಯಿತು ಬೈಗುಳ ಎಂದು ನಾನು ಕಾದೆ. ಅತ್ತೆ ಗೋಡೆ ತಡವುತ್ತ ಒಳಗೆ ಹೋಗಿ ಮೂಲೆಯಲ್ಲಿ ಕೂತಳು.

ಆ ಮಳೆಗಾಲ ಕಳೆದ ಮೇಲೆ ಒಂದು ದಿನ ನನ್ನ ಕಿವಿಯಲ್ಲಿ ಹೇಳಿದಳು: "ನನ್ನ ಹಳೇ ಊರಿಗೆ ಕರ್ಕಂಡೋಗಿ ಬುಡೇ. ಅಲ್ಲಿ ನಾ ಒಬ್ಳೇ ಓಡಾಡ್ತೀನಿ. ದಿನಾ ಒಂದ್ಸಲ ಸಾಕು. ಆಮೇಲೆ ಇಲ್ಲಿ ಎಲ್ ಕೂರ್ಸುದ್ರೂ ಕೂತಿರ್ತೀನಿ." ನನಗೂ ಅದು ಸರಿ ಕಂಡಿತು. ಬಾಗಿಲು, ಹೆಂಚು ಹೋದರೇನು, ಗೋಡೆ ಎಲ್ಲಿಗೆ ಹೋದೀತು?

ಹಳೆಯ ಊರ ಬಾಯಿಗೆ ಹೋಗುತ್ತಲೇ ಅತ್ತೆ ನನ್ನ ಹಿಡಿತದಿಂದ ಕೈ ಕೊಸರಿಕೊಂಡಳು. ಮುಖ ಅರಳಿತ್ತು. ನಾನು ಮಾತ್ರ ನಿಂತಲ್ಲೇ ನಿಂತೆ. ಮೇಲೆ ಹೆಂಚಿಲ್ಲದ ಮಣ್ಣಿನ ಗೋಡೆಗಳು ಒಂದೇ ಮಳೆಗಾಲಕ್ಕೆ ನೆನೆದು ಕುಸಿದು, ಎಕ್ಕದ ಗಿಡ ಬೆಳೆದ ದಿಬ್ಬಗಳಾಗಿದ್ದವು. ಬಾಯಿ ತೆರೆಯುವಷ್ಟರಲ್ಲಿ ಅವಳು ಎಡಗೈ ಚಾಚಿ ಹೊರಟಾಗಿತ್ತು. ಕೈ ಬರಿಯ ಗಾಳಿಯಲ್ಲಿ ಆಡಿತು. ಇನ್ನೂ ಪಕ್ಕಕ್ಕೆ ಸರಿದಳು. ಅಲ್ಲೂ ಇಲ್ಲ.

"ಹೊಳೆ ಸದ್ದು ಕೇಳ್ತಾ ಐತೆ," ಎಂದಳು. "ಆದ್ರೆ ಯಾವ್ ಕಡೆಯಿಂದ ಬತ್ತಾ ಐತೆ? ಸುತ್ತಲೂ ಬತ್ತದಲ್ಲೇ." ಸದ್ದಿಗೆ ದಾರಿ ತೋರಿಸುತ್ತಿದ್ದ ಓಣಿಗಳೇ ಇರಲಿಲ್ಲ. ಹೊಳೆಗೆ ಬೆನ್ನು ಹಾಕಿ ನಡೆದು, ನಮ್ಮದೇ ಬೀದಿಯ ಮಣ್ಣಿನ ಗುಡ್ಡೆಗೆ ಎಡವಿ ಮಂಡಿಯೂರಿ ಬಿದ್ದಳು. ಹಿಡಿ ಮಣ್ಣು ತೆಗೆದು ಮೂಸಿದಳು. ಓಡಿಹೋಗಿ ಅಪ್ಪಿಕೊಂಡು ನಾನೇ ಗೊಳೋ ಎಂದು ಅತ್ತುಬಿಟ್ಟೆ. ಅವಳು ಅಳಲಿಲ್ಲ. "ಕೈ ಕೊಡೇ, ಓಗವ" ಎಂದಳು. ಮನೆ ಮುಟ್ಟುವ ತನಕ ನನ್ನ ಕೈ ಬಿಡಲಿಲ್ಲ.

ಮುಂದಿನ ವರ್ಷವೂ ನೆಂಟರು ಬಂದರು. ಅಪ್ಪ ಹೊಸ ಬೀದಿಗಳನ್ನು ತೋರಿಸಲು ಚಪ್ಪಲಿ ಮೆಟ್ಟುತ್ತಿದ್ದರು. ಅತ್ತೆ ಜಗಲಿಯಲ್ಲಿ, ಕೂರಿಸಿದಲ್ಲೇ ಕೂತಿದ್ದಳು. ಹಳೆಯ ಸಲಿಗೆಯಿಂದ ಒಬ್ಬರು ಕೇಳಿದರು: "ಏನವ್ವಾ, ನಿಮ್ಮೂರಲ್ಲಿ ನೋಡಾಕೆ ಏನೈತೆ?"

"ನನ್ ಕೇಳ್ತೀರಾ?" ಎಂದಳು ಅತ್ತೆ. "ನಾನು ಕುರುಡಿ ಕಣ್ರಪ್ಪಾ."