ಅರಳೆ ಬಡಿಯುವಾಗ ಆಡಿದ ಮಾತು

ಹಾಸಿಗೆಯಮ್ಮನ ಮನೆಗೆ ಬೇಸಿಗೆ ರಜೆ ಬಂತೆಂದರೆ ಬೀದಿಯ ಕೊನೆಯವರೆಗೂ ಏಟಿನ ಸದ್ದು ಕೇಳುತ್ತಿತ್ತು. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಒಮ್ಮೆ ಗಾಬರಿಬಿದ್ದು ಬಾಗಿಲು ಬಡಿದದ್ದೂ ಉಂಟು. ಒಳಗೆ ಬಂದು ನೋಡಿದರೆ ಹಳೇ ಹಾಸಿಗೆಗಳ ಹೊಟ್ಟೆ ಸೀಳಿ, ಗಂಟುಗಂಟಾದ ಅರಳೆಯನ್ನು ಹಿತ್ತಿಲ ಬಿಸಿಲಿಗೆ ಸುರಿದು, ಇಡೀ ಸಂಸಾರ ಬೆತ್ತ ಹಿಡಿದು ಬಡಿಯುತ್ತಿತ್ತು.

ಗಂಡ ಸತ್ತ ಮೇಲೆ ಈ ಕಸುಬಿನಿಂದಲೇ ಇಬ್ಬರು ಮಕ್ಕಳನ್ನು ದಡ ಸೇರಿಸಿದವಳು ಆಕೆ. ಮಗ ಲಾರಿ ಮೆಕ್ಯಾನಿಕ್. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರದೂ ಬೇರೆ ಬೇರೆ ಊರು. ರಜೆಗೆ ಬಂದವರು ಕಾಲು ಚಾಚಿ ಕೂರುವ ಹಾಗಿರಲಿಲ್ಲ. ಬಂದ ಮರುದಿನವೇ ಕೈಗೊಂದು ಬೆತ್ತ.

ಆ ಬಡಿತಕ್ಕೆ ಒಂದು ಕಟ್ಟಳೆ ಇತ್ತು. ಬಡಿಯುವಾಗ ಯಾರ ಮೇಲೆ ಸಿಟ್ಟಿದೆಯೋ ಅವರನ್ನು ಬಾಯಿತುಂಬ ಬೈಯಬಹುದು. ಬೆತ್ತ ಕೆಳಗಿಟ್ಟ ಮೇಲೆ ಆ ಮಾತನ್ನು ಯಾರೂ ಎತ್ತಬಾರದು. ಗಿರಾಕಿಗಳ ಕಾಟ ತಾಳಲಾರದೆ ಹಾಸಿಗೆಯಮ್ಮನೇ ಮಾಡಿಕೊಂಡ ಏರ್ಪಾಡು ಅದು. ಹಗಲೆಲ್ಲ ಅರಳೆಗೆ ಬೈದು, ಸಂಜೆ ಅದೇ ಗಿರಾಕಿಗೆ ನಗುತ್ತಾ ಹಾಸಿಗೆ ಕೊಟ್ಟು ಬರುತ್ತಿದ್ದಳು.

ಈ ವರ್ಷವೂ ಮಗ ತನ್ನ ಗ್ಯಾರೇಜಿನ ಮಾಲೀಕನನ್ನು ಚಚ್ಚಿ ಹಾಕಿದ. "ಭಾನುವಾರನೂ ಬಾ ಅಂತೀಯಾ? ತಗೋ ಭಾನುವಾರ. ತಗೋ ಸೋಮವಾರ."

ಸೊಸೆ ಸೆರಗು ಬಿಗಿದು ನಿಂತಳು. "ಅನ್ನ ಹೊತ್ತಿದೆ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ರಲ್ಲ ಅತ್ತೆ, ಇದು ಅದಕ್ಕೆ."

"ಹೊತ್ತಿದ್ದು ನಿಜ ಕಣೇ," ಎಂದಳು ಹಾಸಿಗೆಯಮ್ಮ. "ಇನ್ನೂ ಜೋರಾಗಿ ಬಡಿ, ಆ ಕಡೆ ಗಂಟು ಬಿಟ್ಟಿಲ್ಲ."

ಮಗಳು ಮಾತ್ರ ಮೆಟ್ಟಿಲ ಮೇಲೆ ಕೂತೇ ಇದ್ದಳು. ಭುಜ ನೋವು, ಬೆತ್ತ ಎತ್ತಕ್ಕಾಗಲ್ಲ ಅಂದಿದ್ದಳು. ಅವಳ ಪಾಲಿನ ಬೆತ್ತವನ್ನು ಅವಳ ಮಗಳು ಗುಬ್ಬಿ ಎತ್ತಿಕೊಂಡಿತು. ಈಗಷ್ಟೇ ಎರಡನೇ ಕ್ಲಾಸು ಮುಗಿಸಿದ ಮಗು, ಮಾತು ಕಡಿಮೆ. ಆದರೆ ಬೆತ್ತ ಕೈಗೆ ಬಂದದ್ದೇ ಅದರ ದನಿ ಬೇರೆಯೇ ಆಯಿತು.

"ಬಾಯ್ಮುಚ್ಚು. ಮುಚ್ಚು ಅಂದ್ನಲ್ಲ. ಬಾಗ್ಲು ಹಾಕು, ಪಕ್ಕದ ಮನೆಯವರು ಕೇಳಿಸ್ಕೋತಾರೆ. ಅತ್ರೆ ಇನ್ನೂ ಬೀಳುತ್ತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಯಾರಿಗೇ ಇದು, ನಿಮ್ಮ ಟೀಚರ್‌ಗಾ?" ಎಂದ ಮೆಕ್ಯಾನಿಕ್ ಮಾಮ.

ಗುಬ್ಬಿ ತಲೆ ಎತ್ತಲಿಲ್ಲ. "ಮುಖ ಆ ಕಡೆ ತಿರುಗ್ಸು. ಮುಖದ ಮೇಲೆ ಬೇಡ. ನಾಳೆ ನೀನು ಅಂಗಡೀಲಿ ನಿಂತ್ಕೋಬೇಕು."

ಹಾಸಿಗೆಯಮ್ಮನೂ ನಗುತ್ತಿದ್ದಳು. ಆ ಕೊನೆಯ ಮಾತಿಗೆ ಬೆತ್ತ ಇಳಿಸಿದಳು. ಮೆಟ್ಟಿಲ ಕಡೆ ನೋಡಿದಳು. ಮಗಳು ನೆಲ ನೋಡುತ್ತಿದ್ದಳು.

ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ, ಗವಸಿಗೆ ದಬ್ಬಳದಿಂದ ಹೊಲಿಗೆ ಹಾಕುತ್ತಾ ಆಕೆ ಕೇಳಿಯೇ ಬಿಟ್ಟಳು. "ಎಷ್ಟು ದಿನದಿಂದ ಹೊಡೀತಿದಾನೆ?"

"ಅರಳೆ ಮಾತು ಎತ್ತಬಾರದು ಅಂತ ನೀನೇ ತಾನೇ ಅಮ್ಮ ಹೇಳಿರೋದು."

"ನನ್ನ ಹತ್ರಾನೇ ನನ್ನ ಕಟ್ಟಳೆ ಹೇಳ್ತೀಯಾ?"

"ಭಾನುವಾರ ಅವರು ಬರ್ತಾರೆ, ನಾನು ಹೋಗ್ತೀನಿ. ಅಣ್ಣಂಗೆ ಹೇಳಬೇಡ, ಕೊಂದೇ ಹಾಕ್ತಾನೆ. ನಿನ್ನ ಕಾಲು ಹಿಡ್ಕೋತೀನಿ."

ದಬ್ಬಳ ಹಾಸಿಗೆಯಮ್ಮನ ಹೆಬ್ಬೆರಳಿಗೆ ಇಳಿಯಿತು. ಅವಳಿಗೆ ನೋವು ಗೊತ್ತಾಗಲಿಲ್ಲ. ಹಾಗಾದರೆ ಹೋದ ವರ್ಷವೂ ಈ ಮಗು ಅರಳೆಗೆ ಇದನ್ನೇ ಹೇಳಿತ್ತೇ? ತಾನು ಆಗಲೂ ನಕ್ಕಿದ್ದಳೇ?

ಭಾನುವಾರ ಅಳಿಯ ಬಂದ. ಬೆಣ್ಣೆಯಿಂದ ಕೂದಲು ಎಳೆದಂಥ ಮಾತಿನವನು. ಮಕ್ಕಳಿಗೆ ಹಣ್ಣು ಹಂಚಿ, ಅತ್ತೆಯ ಆರೋಗ್ಯ ವಿಚಾರಿಸಿದ. ಮೆಕ್ಯಾನಿಕ್ ಬೀದಿಯ ತಿರುವಿನಲ್ಲಿ ಯಾರದೋ ಗಾಡಿ ರಿಪೇರಿಗೆ ಹೋಗಿದ್ದ. ಹಿತ್ತಿಲಿನಿಂದ ಬೆತ್ತ ಹಿಡಿದುಕೊಂಡೇ ಒಳಗೆ ಬಂದ ಹಾಸಿಗೆಯಮ್ಮ ನೀರು ಕೊಟ್ಟಳು. ಅವನು ಕುಡಿದು ಲೋಟ ಕೆಳಗಿಡುವವರೆಗೆ ಕಾದಳು.

"ಅಳಿಯಂದ್ರೇ, ಅವಳು ಈ ಸಲ ನಿಮ್ಮ ಜೊತೆ ಬರಲ್ಲ."

"ಅಮ್ಮ, ಸುಮ್ನಿರು," ಎಂದಳು ಮಗಳು. ಅವಳ ಕೈಯಲ್ಲಿ ಆಗಲೇ ಬ್ಯಾಗಿತ್ತು.

ಅವನ ನಗು ಮಾಸಲಿಲ್ಲ. "ಏನು ಚಾಡಿ ಹೇಳಿದ್ದೀಯೇ?" ಎಂದು ಹೆಂಡತಿಯ ರಟ್ಟೆ ಹಿಡಿದ. ನೋಯುವ ಜಾಗ ಎಲ್ಲಿದೆಯೆಂದು ಆ ಕೈಗೆ ಗೊತ್ತಿತ್ತು. ಮಗಳು ಬ್ಯಾಗು ಅಪ್ಪಿಕೊಂಡು ನೆಲಕ್ಕೆ ಕೂತಳು.

ಹಾಸಿಗೆಯಮ್ಮ ಬೆತ್ತ ಬೀಸಿದಳು. ಮೊದಲ ಏಟು ಅವನ ಹೆಗಲಿಗೆ, ಎರಡನೆಯದು ಕಿವಿಗೆ. ಕಿವಿ ಹರಿದು ರಕ್ತ ಕಾಲರಿಗಿಳಿಯಿತು. ಅವನು ಬೆತ್ತ ಕಸಿದು, ಆಕೆಯ ಕೈ ಹಿಂದಕ್ಕೆ ತಿರುಚಿದ. ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಆಕೆಯನ್ನು ಗೋಡೆಗೆ ನೂಕಿ, ಬಿದ್ದವಳ ಪಕ್ಕೆಗೆ ಒದ್ದ. ಸೊಸೆ ಗಂಡನನ್ನು ಕೂಗುತ್ತಾ ಬೀದಿಗೆ ಓಡಿದಳು. ಅವಳ ಗಂಡುಮಕ್ಕಳು ಮಂಚದ ಕೆಳಗೆ ನುಗ್ಗಿ ಚೀರಿಕೊಂಡರು.

ಗುಬ್ಬಿ ಚೀರಲಿಲ್ಲ. ದಿನಾ ಮಾಡುವ ಕೆಲಸದಂತೆ ಹೋಗಿ ಬೀದಿ ಬಾಗಿಲು ಮುಚ್ಚಿ, ತುದಿಗಾಲಲ್ಲಿ ನಿಂತು ಚಿಲಕ ಹಾಕಿತು. ಆಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿತು.

ಅಷ್ಟು ಹೊತ್ತು ಬ್ಯಾಗು ಅಪ್ಪಿಕೊಂಡಿದ್ದ ಮಗಳು ಅದನ್ನು ನೋಡಿದಳು. ಬ್ಯಾಗು ಬಿಟ್ಟಳು. ಗುಬ್ಬಿಯನ್ನು ದಾಟಿಕೊಂಡು ಹೋಗಿ ಚಿಲಕ ತೆಗೆದು, ಎರಡೂ ಕದಗಳನ್ನು ಗೋಡೆಗೆ ಬಡಿಯುವ ಹಾಗೆ ತೆರೆದಳು. ಬೀದಿಯ ಜನ ಆಗಲೇ ಅಲ್ಲಿ ಸೇರಿದ್ದರು.

"ಈಗ ಹೊಡೀರಿ," ಎಂದಳು ಗಂಡನಿಗೆ. "ಇವರೆಲ್ಲ ನೋಡಲಿ."

ಅವನು ಕೈ ಇಳಿಸಿದ. ಜನರತ್ತ ತಿರುಗಿ ಏನೋ ನಯವಾದ ಮಾತು ಶುರುಮಾಡುವಷ್ಟರಲ್ಲಿ ಮೆಕ್ಯಾನಿಕ್ ಜನರನ್ನು ಸೀಳಿಕೊಂಡು ಬಂದ. ಗ್ರೀಸು ಹತ್ತಿದ ಮುಷ್ಟಿ ಅಳಿಯನ ಬಾಯಿಗೆ ಬಿತ್ತು. ಹಲ್ಲೊಂದು ಹೊಸಿಲ ಮೇಲೆ ಉದುರಿತು. ಮತ್ತೆ ಬಿತ್ತು, ಮತ್ತೆ ಬಿತ್ತು. ನೆಲಕ್ಕೆ ಕೆಡವಿ ಕುತ್ತಿಗೆಯ ಮೇಲೆ ಮೊಣಕಾಲೂರಿದವನನ್ನು ತಂಗಿಯೇ ಕೂದಲು ಹಿಡಿದು ಎಳೆಯಬೇಕಾಯಿತು.

"ಬಿಡೋ ಅಣ್ಣ. ಇವರು ಸತ್ರೆ ಜೈಲಿಗೆ ಹೋಗೋನು ನೀನು. ಅಮ್ಮನ್ನ ಎತ್ಕೋ ಮೊದಲು."

ಅಳಿಯ ಗೋಡೆ ಹಿಡಿದು ಎದ್ದು, ರಕ್ತ ಉಗುಳುತ್ತಾ ಜನರ ನಡುವೆ ತೂರಿಕೊಂಡು ಹೋದ. ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಊದಿದ ಮಣಿಕಟ್ಟನ್ನು ಮೆಲ್ಲಗೆ ಒತ್ತಿ ನೋಡಿದಳು. "ಹೇಗಾಯ್ತಜ್ಜಿ ಇದು?"

"ಬಚ್ಚಲಲ್ಲಿ ಜಾರಿಬಿದ್ದೆ ತಾಯಿ," ಎಂದಳು ಹಾಸಿಗೆಯಮ್ಮ. ಮನೆಯ ಮಾತು ಮನೆಯಲ್ಲೇ ಇರಲೆಂದು ನಾಲಿಗೆ ತಾನಾಗಿ ಆಡಿದ ಮಾತು ಅದು. ಆಡಿದ ಮೇಲೆ ಮಗಳ ಮುಖ ನೋಡಲಾಗದೆ ಆಕೆ ಕಣ್ಣು ಮುಚ್ಚಿದಳು.

"ಇಲ್ಲ ಡಾಕ್ಟ್ರೇ," ಎಂದಳು ಮಗಳು. "ಜಾರಿಬಿದ್ದೆ ಅನ್ನೋದು ನಾನು ಹೇಳ್ತಿದ್ದ ಮಾತು. ಇದು ನನ್ನ ಗಂಡ ಮುರಿದದ್ದು."

ಆಮೇಲೆ ಅವಳು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ಹಸಿರು, ಹಳದಿ, ನೇರಳೆ, ಹಳೆಯದರ ಮೇಲೆ ಹೊಸದು.

"ಅಮ್ಮಂದು ಆದ್ಮೇಲೆ ನಂದೂ ನೋಡಿ. ನಾನಿನ್ನು ಆ ಮನೆಗೆ ಹೋಗಲ್ಲ, ಅದಕ್ಕೇ ತೋರಿಸ್ತಿದೀನಿ."

ಹಾಸಿಗೆಯಮ್ಮ ಕಣ್ಣು ತೆರೆದಳು. ಒಳ್ಳೆಯ ಕೈಯಿಂದ ಮಗಳ ಸೆರಗು ಹಿಡಿದುಕೊಂಡಳು. ಮೂಳೆ ಕೂಡಿಸಲು ಡಾಕ್ಟರಮ್ಮ ಕೈ ಎಳೆದಾಗ ಆಸ್ಪತ್ರೆಯೆಲ್ಲ ಕೇಳುವ ಹಾಗೆ ಕಿರುಚಿದಳು.