ರುದ್ರಾಣಿಯಮ್ಮ ಕಣ್ಣು ಮುಚ್ಚಿ ನೋಡಿದ ಸಿನಿಮಾ

ಸಿಡ್ನಿಯ ಎಪ್ಪಿಂಗ್ ಬಡಾವಣೆಯಲ್ಲಿ ರುದ್ರಾಣಿಯಮ್ಮನವರನ್ನು ಅರಿಯದ ಕನ್ನಡಿಗರು ಕಡಿಮೆ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಬಹುಕಾಲ ನರ್ಸ್ ಆಗಿದ್ದು ನಿವೃತ್ತರಾದವರು. ಪಕ್ಕದಲ್ಲಿ ಯಾರು ಸೀನಿದರೂ, ಯಾವ ದೇಶದವರೆಂದು ನೋಡದೆ, "ನೂರ್ಕಾಲ ಬಾಳು ಕಂದ" ಎಂದುಬಿಡುತ್ತಾರೆ. ಒಮ್ಮೆ ರೈಲಿನಲ್ಲಿ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡಿದ್ದ ಗಡ್ಡದ ಆಸಾಮಿಯೊಬ್ಬನಿಗೂ ಹಾಗೆ ಹರಸಿದ್ದರು. ಅವನು ಏನೂ ಅರ್ಥವಾಗದೆಯೇ "ಥ್ಯಾಂಕ್ಸ್, ಲವ್" ಎಂದಿದ್ದ.

ಈ ಅಭ್ಯಾಸ ತಾಯಿಯಿಂದ ಬಂದದ್ದು. ತಾಯಿ ನಂಜನಗೂಡಿನವರು, ಹೆಸರು ಕೆಂಪಮ್ಮ, ಮೈಬಣ್ಣ ಅಚ್ಚ ಕಪ್ಪು. ಮಾತಿನ ಚಿತ್ರಗಳು ಆಗತಾನೇ ಬರುತ್ತಿದ್ದ ಕಾಲದಲ್ಲಿ ನಾಟಕ ಕಂಪನಿಯವರೊಡನೆ ಕೊಲ್ಹಾಪುರಕ್ಕೆ ಹೋಗಿ, ಪ್ರೇಮಕಥೆಯೊಂದರ ಚಿತ್ರದಲ್ಲಿ ಕೆಲಸ ಮಾಡಿ ಬಂದಿದ್ದರು. "ಅದ್ರಲ್ಲಿ ನಾನಿವ್ನಿ ಕಣವ್ವ" ಎಂದು ಮಗಳಿಗೆ ಹೇಳುತ್ತಿದ್ದರು. ಯಾವ ಪಾತ್ರವೆಂದು ಕೇಳಿದರೆ ನಕ್ಕುಬಿಡುತ್ತಿದ್ದರು. ತನ್ನ ಬಣ್ಣಕ್ಕೆ ಫೋಟೋ ಬೇರೆ ಕೇಡು ಎನ್ನುತ್ತಾ, ಒಂದನ್ನೂ ತೆಗೆಸಿಕೊಳ್ಳದೆ, ಮಗಳು ಓದುತ್ತಿರುವಾಗಲೇ ತೀರಿಕೊಂಡರು.

ಭಾಸ್ಕರ ಎಂಬಾತ ನಾರ್ತ್ ಸಿಡ್ನಿಯಲ್ಲಿ ಐಟಿ ಕೆಲಸದಲ್ಲಿರುವವನು. ಹಳೆಯ ಚಿತ್ರಗಳ ಹುಚ್ಚಿನಿಂದ ಹಿರಿಯರಿಗಾಗಿ ಆಗಾಗ ಪ್ರದರ್ಶನ ಏರ್ಪಡಿಸುತ್ತಾನೆ. ಕೆಂಪಮ್ಮ ಕೆಲಸ ಮಾಡಿದ್ದ ಆ ಚಿತ್ರದ ಪ್ರತಿ ಅವನಿಗೆ ಎಲ್ಲಿಂದಲೋ ಸಿಕ್ಕಿತು. ರುದ್ರಾಣಿಯಮ್ಮ ಮೆಲ್ಬರ್ನ್‌ನಲ್ಲಿ ಓದುತ್ತಿರುವ ಮೊಮ್ಮಗಳು ಆದ್ಯಾಳಿಗೆ ಕೂಡಲೇ ಫೋನ್ ಮಾಡಿದರು. "ಬಂದ್ಬಿಡು ಮಗಾ. ನಮ್ಮಮ್ಮನ ಮುಖ ನಂಗೇ ಮರೆತು ಹೋಗ್ತಾ ಇದೆ. ನೀನೂ ಒಂದ್ಸಲ ನೋಡು."

ಪ್ರದರ್ಶನದ ದಿನ ಅಜ್ಜಿ ಆದ್ಯಾಳೊಂದಿಗೆ ಮುಂದಿನ ಸಾಲಿನಲ್ಲೇ ಕುಳಿತರು. ತೆರೆಯ ಮೇಲಿನ ನಾಯಕಿ ಮುಂಬಯಿಯ ಕಡೆಯ ಬೆಳ್ಳನೆಯ ಹುಡುಗಿ. ಸಖಿಯರೂ ದಾಸಿಯರೂ ಒಂದೇ ಡಬ್ಬಿಯ ಪೌಡರು ಬಳಿದುಕೊಂಡಂತೆ ಬೆಳ್ಳಗಿದ್ದರು.

"ವಿಚ್ ಒನ್, ಅಜ್ಜಿ?"

"ತಾಳೇ... ಚಾಮರ ಬೀಸ್ತಿದ್ದಾಳಲ್ಲ, ಅವಳಿರಬೇಕು. ಅಲ್ಲ, ಅಮ್ಮ ಅಷ್ಟುದ್ದ ಇರ್ಲಿಲ್ಲ."

"ದೇ ಆಲ್ ಲುಕ್ ದ ಸೇಮ್!"

"ಅದೇ ಕಣೆ. ಕಪ್ಪಗಿರೋರು ಒಬ್ರೂ ಕಾಣ್ತಿಲ್ವಲ್ಲ."

ಅಷ್ಟರಲ್ಲಿ ಉದ್ಯಾನದ ದೃಶ್ಯ ಬಂತು. ಮಂಜು ಕವಿದಂತೆ ಕಾಣಲೆಂದು ಸಾಂಬ್ರಾಣಿ ಹೊಗೆಯನ್ನು ಧಾರಾಳವಾಗಿ ಹಾಕಿದ್ದರು. ನಾಯಕ ನಾಯಕಿಯ ಕೈ ಹಿಡಿದವನು, ಪ್ರೇಮದ ಮಾತಿನ ನಡುವೆ ಜೋರಾಗಿ ಸೀನಿದನು. ನಾಯಕಿ ತುಟಿ ಬಿಗಿದುಕೊಂಡೇ ನಿಂತಿದ್ದಳು. ಆದರೂ ಅವಳದೇ ದನಿ ಕೇಳಿಸಿತು: "ನೂರ್ಕಾಲ ಬಾಳು ಕಂದ."

ಸಭಾಂಗಣವೆಲ್ಲ ಘೊಳ್ಳೆಂದು ನಕ್ಕಿತು. "ಅಯ್ಯೋ, ಲವರ್‌ನ ಕಂದ ಅಂತಾಳಲ್ರೀ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಆದ್ಯಾ ಮಾತ್ರ ನಗಲಿಲ್ಲ. "ಅಜ್ಜಿ, ದಟ್ಸ್ ಯು!" ಎಂದಳು.

ಭಾಸ್ಕರ ಚಿತ್ರವನ್ನು ನಿಲ್ಲಿಸಿ ಹತ್ತಿರ ಬಂದನು. "ಆಂಟಿ, ಆ ಹೀರೋಯಿನ್‌ಗೆ ಕನ್ನಡ ಬರ್ತಿರ್ಲಿಲ್ಲ ಅನ್ಸುತ್ತೆ. ಆಗ ಡಬ್ಬಿಂಗ್ ಎಲ್ಲಿತ್ತು? ಶೂಟಿಂಗ್ ನಡೆಯೋವಾಗ್ಲೇ ನಿಮ್ಮಮ್ಮ ಪರದೆ ಹಿಂದೆ ನಿಂತು ಅವಳ ಮಾತು ಹೇಳಿರ್ಬೇಕು. ಸೀನಿದ ತಕ್ಷಣ ಅಭ್ಯಾಸಬಲ, ಬಾಯಿಗೆ ಬಂದ್ಬಿಟ್ಟಿದೆ. ಮತ್ತೆ ತೆಗೆಯೋಕೆ ಫಿಲ್ಮ್ ತುಂಬಾ ದುಬಾರಿ ನೋಡಿ, ಹಂಗೇ ಬಿಟ್ಟಿದ್ದಾರೆ."

"ಹಂಗಾದ್ರೆ ಮುಖ?"

"ಮುಖ ಇಲ್ಲ ಆಂಟಿ. ಬರೀ ದನಿ."

ರುದ್ರಾಣಿಯಮ್ಮ ತೆರೆಯನ್ನೂ ಭಾಸ್ಕರನನ್ನೂ ನೋಡಿದರು. "ಇರೋಳು ಅಲ್ಲ, ಇಲ್ದೋಳು ನಮ್ಮಮ್ಮ ಅಂತೀಯಾ?" ಎಂದವರು, "ಮೊದಲಿಂದ ಹಾಕ್ತೀಯೇನಪ್ಪ?" ಎಂದು ಕೇಳಿದರು.

ಚಿತ್ರ ಮತ್ತೆ ಆರಂಭವಾಯಿತು. ಅಜ್ಜಿ ಕಣ್ಣು ಮುಚ್ಚಿಕೊಂಡರು.

"ಅಜ್ಜಿ, ಆರ್ ಯು ಸ್ಲೀಪಿಂಗ್?"

"ಇಲ್ಲ ಮಗಾ. ಆ ಹುಡುಗಿ ಮುಖ ಅಡ್ಡ ಬರುತ್ತೆ."

"ಡು ಯು ಲುಕ್ ಲೈಕ್ ಹರ್? ಯುವರ್ ಅಮ್ಮ?"

"ಊರಲ್ಲಿ ಎಲ್ರೂ ಹಂಗೇ ಅಂತಿದ್ರು. ನಂಗೆ ಗೊತ್ತಿಲ್ಲ. ಈಗ ಸುಮ್ನಿರು, ಮಾತಾಡ್ತಿದ್ದಾಳೆ."

ಆದ್ಯಾ ಚಿತ್ರ ಮುಗಿಯುವ ತನಕ ತೆರೆಯ ಕಡೆಗೆ ತಿರುಗದೆ ಅಜ್ಜಿಯ ಮುಖವನ್ನೇ ನೋಡುತ್ತಾ ಕುಳಿತಳು.